ಹೂಂ ಎನ್ನುವವರು ಯಾರು? ವಿಷಯಗಳ ಗಡಿ ದಾಟುವ ಸಂಶೋಧನೆಗೆ ಸರ್ಕಾರಿ ಅನುದಾನ ಆರಿಸುವ ಬಗೆ

ಕೆಲವು ವರ್ಷಗಳ ಹಿಂದೆ ನಾವು ಮೂವರು ಸೇರಿ ಒಂದು ಅರ್ಜಿ ಬರೆದೆವು. ಒಬ್ಬರು ಶಿಲೀಂಧ್ರಗಳ ಬಗ್ಗೆ ಕೆಲಸ ಮಾಡುವವರು, ಇನ್ನೊಬ್ಬರು ಎಲೆಕ್ಟ್ರಾನಿಕ್ಸ್‌ನವರು, ನಾನು ಗಣಿತದ ಕಡೆಯವಳು. ಮಣ್ಣಿನೊಳಗೆ ಹಬ್ಬುವ ಶಿಲೀಂಧ್ರದ ಎಳೆಗಳಲ್ಲಿ ಬಹಳ ಸಣ್ಣ ವಿದ್ಯುತ್ ಏರಿಳಿತ ಕಾಣಿಸುತ್ತದೆ. ಅದರಲ್ಲಿ ಏನಾದರೂ ಕ್ರಮ ಇದೆಯೇ? ಮಣ್ಣು ಒಣಗುವ ಮೊದಲೇ ಅದು ಬದಲಾಗುತ್ತದೆಯೇ? ಇಷ್ಟೇ ನಮ್ಮ ಪ್ರಶ್ನೆ. ಜೀವವಿಜ್ಞಾನದ ಕಮಿಟಿ ಓದಿ, "ಇದರಲ್ಲಿ ಸರ್ಕ್ಯೂಟೇ ಜಾಸ್ತಿ, ಜೀವವಿಜ್ಞಾನ ಎಲ್ಲಿ?" ಎಂದು ಬರೆಯಿತು. ಮರುವರ್ಷ ಎಂಜಿನಿಯರಿಂಗ್ ಕಮಿಟಿಗೆ ಕಳಿಸಿದೆವು. "ಸರ್ಕ್ಯೂಟ್ ತುಂಬಾ ಸರಳ, ಹೊಸತೇನಿದೆ?" ಎಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರಲ್ಲ, ಹಾಗಾಯಿತು.

ಅವರಿಬ್ಬರೂ ಹೇಳಿದ್ದು ಸುಳ್ಳಲ್ಲ. ತಪ್ಪು ನಮ್ಮದೇ. ಅನುದಾನ ಹುಡುಕುವಾಗ ನಾವು ಮೊದಲು ಮೊತ್ತ ನೋಡಿದೆವು, ಆಮೇಲೆ ಕೊನೆಯ ದಿನಾಂಕ ನೋಡಿದೆವು. ನೋಡಬೇಕಾಗಿದ್ದು ಬೇರೆಯೇ ಇತ್ತು: ಕೊನೆಗೆ ಹೂಂ ಎನ್ನುವ ಅಧಿಕಾರ ಯಾರ ಕೈಯಲ್ಲಿದೆ? ಒಂದು ಕಮಿಟಿಯ ಕೈಯಲ್ಲೋ, ಒಬ್ಬ ಅಧಿಕಾರಿಯ ಕೈಯಲ್ಲೋ, ಚೀಟಿ ಎತ್ತುವ ಡಬ್ಬಿಯಲ್ಲೋ? ಜಗತ್ತಿನ ಬೇರೆ ಬೇರೆ ಸರ್ಕಾರಗಳು ದಿಟ್ಟ ಸಂಶೋಧನೆಗೆ ಹಣ ಕೊಡುವ ದಾರಿಗಳನ್ನು ಇಲ್ಲಿ ಆ ಪ್ರಶ್ನೆಯಿಂದಲೇ ಹೋಲಿಸುತ್ತೇನೆ. ಹಾಗೆ ನೋಡಿದರೆ ನೂರಾರು ಯೋಜನೆಗಳು ಆರೇಳು ಬಗೆಗೆ ಇಳಿಯುತ್ತವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಮೊತ್ತ, ಅವಧಿ, ಅರ್ಹತೆಯ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಅರ್ಜಿ ಹಾಕುವಾಗ ಆ ವರ್ಷದ ಪ್ರಕಟಣೆಯನ್ನೇ ಓದಬೇಕು.

ಮಾಮೂಲಿ ದಾರಿ: ವಿಷಯ ತಜ್ಞರ ಕಮಿಟಿ

ಹೆಚ್ಚಿನ ದೇಶಗಳಲ್ಲಿ ಹೆಚ್ಚಿನ ಹಣ ಹೋಗುವುದು ಈ ದಾರಿಯಲ್ಲೇ. ನೀವು ಮೂರೋ ಐದೋ ವರ್ಷದ ಯೋಜನೆ ಬರೆಯುತ್ತೀರಿ. ಅದೇ ವಿಷಯದವರು ಓದಿ ಅಂಕ ಕೊಡುತ್ತಾರೆ. ಅಂಕಗಳ ಸರಾಸರಿ ತೆಗೆದು ಮೇಲಿನಿಂದ ಹಣ ಹಂಚುತ್ತಾರೆ. ಗೊತ್ತಿರುವ ಹೊಲದಲ್ಲಿ ಇನ್ನೊಂದು ಸಾಲು ಉಳುವುದಕ್ಕೆ ಇದಕ್ಕಿಂತ ಒಳ್ಳೆಯ ಪದ್ಧತಿ ಕಷ್ಟ. ತೊಂದರೆ ಬರುವುದು ನೀವು ಎರಡು ಹೊಲದ ನಡುವಿನ ಬದುವಿನಲ್ಲಿ ನಿಂತಾಗ.

ಇದು ನನ್ನೊಬ್ಬಳ ಗೊಣಗಾಟ ಅಲ್ಲ. ಆಸ್ಟ್ರೇಲಿಯಾದ ರಿಸರ್ಚ್ ಕೌನ್ಸಿಲ್‌ಗೆ ಐದು ವರ್ಷಗಳಲ್ಲಿ ಬಂದ 18,476 ಅರ್ಜಿಗಳನ್ನು ಮೂವರು ವಿಜ್ಞಾನಿಗಳು ಲೆಕ್ಕ ಹಾಕಿ ನೋಡಿದರು. ಅವರ ವರದಿ 2016ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಅರ್ಜಿಯಲ್ಲಿ ಬೆರೆತಿರುವ ವಿಷಯಗಳು ಒಂದಕ್ಕೊಂದು ದೂರವಾದಷ್ಟೂ ಹಣ ಸಿಗುವ ಸಾಧ್ಯತೆ ಕಡಿಮೆ. ಯಾವ ವಿಷಯ, ಎಷ್ಟು ಜನ, ಯಾವ ಸಂಸ್ಥೆ ಎಂಬುದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ಫಲಿತಾಂಶ ಅಲುಗಾಡಲಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಕಮಿಟಿಯಲ್ಲಿ ಕೂತವರು ಒಂದೊಂದು ವಿಷಯದಲ್ಲಿ ಹುಲಿಗಳು. ಅರ್ಜಿಯ ಮೂರನೇ ಒಂದು ಭಾಗ ಪ್ರತಿಯೊಬ್ಬರಿಗೂ ಚೆನ್ನಾಗಿ ಗೊತ್ತು, ಮತ್ತು ಆ ಭಾಗ ಅವರಿಗೆ ತೆಳ್ಳಗೆ ಕಾಣುತ್ತದೆ. ಉಳಿದ ಭಾಗ ಗೊತ್ತಿಲ್ಲ, ಹಾಗಾಗಿ ಅದಕ್ಕೆ ಪೂರ್ತಿ ಅಂಕ ಕೊಡಲು ಕೈ ಬರುವುದಿಲ್ಲ. ಒಬ್ಬರು ಹತ್ತಕ್ಕೆ ಒಂಬತ್ತು ಕೊಟ್ಟರೂ ಇನ್ನೊಬ್ಬರು ಐದು ಕೊಟ್ಟರೆ ಮುಗಿಯಿತು. ಸರಾಸರಿ ಎಂಬುದು ಎಲ್ಲರಿಗೂ ಸುಮಾರಾಗಿ ಹಿಡಿಸಿದ್ದನ್ನು ಮೇಲೆತ್ತುತ್ತದೆ. ಒಬ್ಬರಿಗೆ ಹುಚ್ಚು ಹಿಡಿಸಿ ಇನ್ನೊಬ್ಬರಿಗೆ ಸಿಟ್ಟು ಬರಿಸಿದ್ದು ಅಲ್ಲಿ ಮೇಲೆ ಬರುವುದೇ ಇಲ್ಲ.

ಅಂಕಗಳೇ ಎಷ್ಟು ಗಟ್ಟಿ ಎಂಬುದೂ ಒಂದು ಪ್ರಶ್ನೆ. ಅಮೆರಿಕದಲ್ಲಿ 43 ಜನ ರಿವ್ಯೂ ಮಾಡುವವರನ್ನು ಕೂರಿಸಿ, ಹಿಂದೆ ಬಂದಿದ್ದ 25 ಅರ್ಜಿಗಳನ್ನೇ ಮತ್ತೆ ಓದಿಸಿದರು. ಒಂದೇ ಅರ್ಜಿಯ ಬಗ್ಗೆ ಇಬ್ಬರ ಅಂಕಗಳು ಹೊಂದಲಿಲ್ಲ ಎಂದೇ 2018ರಲ್ಲಿ ಬಂದ ಆ ವರದಿ ಹೇಳುತ್ತದೆ. ಇನ್ನು ಶ್ರಮದ ಲೆಕ್ಕ. ಆಸ್ಟ್ರೇಲಿಯಾದ ವೈದ್ಯಕೀಯ ಸಂಶೋಧನಾ ಮಂಡಳಿಗೆ 2012ರಲ್ಲಿ 3,727 ಅರ್ಜಿಗಳು ಹೋದವು. ಅವನ್ನು ಬರೆಯಲು ವಿಜ್ಞಾನಿಗಳು ಖರ್ಚು ಮಾಡಿದ ಸಮಯ ಒಟ್ಟು ಸುಮಾರು 550 ವರ್ಷ ಎಂದು ಅಂದಾಜು. ಐದರಲ್ಲಿ ನಾಲ್ಕು ಅರ್ಜಿಗೆ ಏನೂ ಸಿಗಲಿಲ್ಲ.

ಹಾಗಂತ ಈ ದಾರಿ ಬೇಡವೇ ಬೇಡ ಎನ್ನುವುದಿಲ್ಲ. ನಿಮ್ಮ ಕೆಲಸದ ಬಹುಪಾಲು ಒಂದೇ ವಿಷಯದ ಮನೆಯೊಳಗಿದ್ದು, ಇನ್ನೊಂದು ವಿಷಯದಿಂದ ಒಂದು ಉಪಕರಣವನ್ನೋ ಒಂದು ಲೆಕ್ಕದ ವಿಧಾನವನ್ನೋ ಎರವಲು ತರುವುದಾದರೆ ಇಲ್ಲೇ ಹಾಕಿ. ಆಗ ದಿಟ್ಟತನವನ್ನು ಒಂದು ಅಧ್ಯಾಯದಲ್ಲಿ ಇಟ್ಟು, ಉಳಿದ ಅಧ್ಯಾಯಗಳನ್ನು ಭದ್ರವಾಗಿ ಕಟ್ಟಿದರೆ ಕಮಿಟಿಗೂ ನೆಮ್ಮದಿ. ಅನುಭವಸ್ಥರು ಮಾಡುವುದು ಇದನ್ನೇ. ಅರ್ಧ ಕೆಲಸ ಆಗಲೇ ಮುಗಿಸಿ, ಅದನ್ನೇ ಮುಂದೆ ಮಾಡುತ್ತೇನೆ ಎಂದು ಬರೆದು, ಬಂದ ಹಣದಲ್ಲಿ ಹೊಸ ಹುಚ್ಚನ್ನು ಶುರು ಮಾಡುತ್ತಾರೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು.

ಯೋಜನೆಗಲ್ಲ, ಮನುಷ್ಯರಿಗೆ ಕೊಡುವ ಹಣ

ಎರಡನೇ ಬಗೆಯಲ್ಲೂ ಕಮಿಟಿ ಇರುತ್ತದೆ. ಆದರೆ ಅದಕ್ಕೆ ಕೇಳುವ ಪ್ರಶ್ನೆ ಬೇರೆ. "ಈ ಪ್ರಯೋಗ ಸರಿಯಾಗಿ ನಡೆಯುತ್ತದೆಯೇ?" ಎಂದು ಕೇಳುವುದಿಲ್ಲ. "ಈ ವ್ಯಕ್ತಿಯನ್ನು ಐದು ವರ್ಷ ಅವರ ಪಾಡಿಗೆ ಬಿಟ್ಟರೆ ಏನಾದರೂ ದೊಡ್ಡದು ಬರಬಹುದೇ?" ಎಂದು ಕೇಳುತ್ತಾರೆ.

ಇದರ ಒಳ್ಳೆಯ ಮಾದರಿ ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್, ಚಿಕ್ಕದಾಗಿ ಎನ್‌ಐಎಚ್. ಅಲ್ಲಿ ಅಪಾಯ ಜಾಸ್ತಿ, ಫಲವೂ ಜಾಸ್ತಿ ಇರುವ ಕೆಲಸಕ್ಕೆಂದೇ ನಾಲ್ಕು ಪ್ರಶಸ್ತಿಗಳನ್ನು ಇಟ್ಟರು. ಹೆಸರು ಪ್ರಶಸ್ತಿಯಾದರೂ ಕೊಡುವುದು ಅನುದಾನವೇ. 2004ರಲ್ಲಿ ಪಯೊನೀರ್ ಅವಾರ್ಡ್ ಶುರುವಾಯಿತು. ವರ್ಷಕ್ಕೆ 7 ಲಕ್ಷ ಡಾಲರ್‌ವರೆಗೆ, ಐದು ವರ್ಷ. ಅರ್ಜಿಯ ಮುಖ್ಯ ಭಾಗ ಐದು ಪುಟದ ಒಂದು ಪ್ರಬಂಧ. ಆಯ್ಕೆಯ ಕೊನೆಯ ಹಂತದಲ್ಲಿ ಸಂದರ್ಶನ. ಷರತ್ತು ಏನೆಂದರೆ ನಿಮ್ಮ ಸಂಶೋಧನೆಯ ಸಮಯದಲ್ಲಿ ಅರ್ಧಕ್ಕಿಂತ ಜಾಸ್ತಿ ಇದಕ್ಕೇ ಕೊಡಬೇಕು. ಈಗಾಗಲೇ ಹತ್ತು ಯೋಜನೆ ನಡೆಸುತ್ತಿರುವವರಿಗೆ ಈ ಒಂದು ಷರತ್ತೇ ಬಾಗಿಲು ಮುಚ್ಚುತ್ತದೆ.

2007ರಲ್ಲಿ ಬಂದ ನ್ಯೂ ಇನ್ನೊವೇಟರ್ ಅವಾರ್ಡ್ ಹೊಸಬರಿಗೆ. ಪಿಎಚ್‌ಡಿ ತರಹದ ಕೊನೆಯ ಪದವಿ ಮುಗಿಸಿ ಹತ್ತು ವರ್ಷದೊಳಗಿರಬೇಕು. ಮೊದಲೇ ಮಾಡಿದ ಪ್ರಯೋಗದ ಅಂಕಿಅಂಶ ಕಡ್ಡಾಯವಲ್ಲ. ಈ ಒಂದು ಸಾಲಿಗೆ ಬೆಲೆ ಕಟ್ಟಲಾಗುವುದಿಲ್ಲ, ಯಾಕೆಂದರೆ ಮಾಮೂಲಿ ಕಮಿಟಿಗಳು ಹೊಸಬರನ್ನು ಹೊರಗಿಡುವುದೇ "ಪ್ರಿಲಿಮಿನರಿ ಡೇಟಾ ಸಾಲದು" ಎಂದು. ಮೂರನೆಯದು ಟ್ರಾನ್ಸ್‌ಫರ್ಮೇಟಿವ್ ರಿಸರ್ಚ್ ಅವಾರ್ಡ್. ಇದಕ್ಕೆ ತಂಡವಾಗಿಯೂ ಅರ್ಜಿ ಹಾಕಬಹುದು, ಬಜೆಟ್‌ಗೆ ಮೇಲ್ಮಿತಿ ಇರಲಿಲ್ಲ. ಮೊದಲ ಸುತ್ತುಗಳಲ್ಲಿ ಅರ್ಜಿದಾರರ ಹೆಸರು, ಸಂಸ್ಥೆ ಮುಚ್ಚಿಟ್ಟು ಓದುವ ಪದ್ಧತಿಯನ್ನೂ ಇದರಲ್ಲಿ ತಂದರು. ನಾಲ್ಕನೆಯದು ಅರ್ಲಿ ಇಂಡಿಪೆಂಡೆನ್ಸ್ ಅವಾರ್ಡ್. ಪಿಎಚ್‌ಡಿ ಮುಗಿದ ಕೂಡಲೇ, ಪೋಸ್ಟ್‌ಡಾಕ್ ಎಂದು ಇನ್ನೊಬ್ಬರ ಲ್ಯಾಬ್‌ನಲ್ಲಿ ಕೆಲವು ವರ್ಷ ದುಡಿಯುವುದನ್ನು ಬಿಟ್ಟು, ನೇರವಾಗಿ ಸ್ವಂತ ಲ್ಯಾಬ್ ಕಟ್ಟಲು.

ಈ ನಾಲ್ಕನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಒಂದು ತಮಾಷೆ ಕಾಣುತ್ತದೆ. ಪಯೊನೀರ್ ನಿಮ್ಮ ಹೆಸರನ್ನು ನೋಡಿ ನಂಬುತ್ತದೆ. ಟ್ರಾನ್ಸ್‌ಫರ್ಮೇಟಿವ್ ನಿಮ್ಮ ಹೆಸರನ್ನು ಮುಚ್ಚಿ ವಿಚಾರವನ್ನು ನೋಡುತ್ತದೆ. ಒಂದೇ ಸಂಸ್ಥೆ, ಎರಡು ತದ್ವಿರುದ್ಧ ನಂಬಿಕೆ! ನಿಮ್ಮ ಹಿಂದಿನ ಕೆಲಸ ಗಟ್ಟಿಯಾಗಿದ್ದು ಹೊಸ ವಿಚಾರ ಇನ್ನೂ ಮಸುಕಾಗಿದ್ದರೆ ಪಯೊನೀರ್. ವಿಚಾರ ಸ್ಪಷ್ಟವಾಗಿದ್ದು ನಿಮ್ಮ ಹೆಸರು ಯಾರಿಗೂ ಗೊತ್ತಿಲ್ಲದಿದ್ದರೆ ಟ್ರಾನ್ಸ್‌ಫರ್ಮೇಟಿವ್. ಬೇರೆ ಯಾವ ದೇಶದ ಯೋಜನೆಯಲ್ಲೂ ಇದೇ ಪ್ರಶ್ನೆ ಕೇಳಿಕೊಳ್ಳಬಹುದು.

ಯುರೋಪಿನಲ್ಲಿ ಈ ಜಾಗ ಯುರೋಪಿಯನ್ ರಿಸರ್ಚ್ ಕೌನ್ಸಿಲ್‌ನದು, ಚಿಕ್ಕದಾಗಿ ಇಆರ್‌ಸಿ. 2007ರಲ್ಲಿ ಶುರುವಾಯಿತು. ಸ್ಟಾರ್ಟಿಂಗ್, ಕನ್ಸಾಲಿಡೇಟರ್, ಅಡ್ವಾನ್ಸ್ಡ್ ಎಂದು ಮೂರು ಮೆಟ್ಟಿಲು. ಮೂಲ ಮೊತ್ತ ಕ್ರಮವಾಗಿ 15 ಲಕ್ಷ, 20 ಲಕ್ಷ, 25 ಲಕ್ಷ ಯೂರೋ, ಐದು ವರ್ಷಕ್ಕೆ. ಯಾವ ದೇಶದವರಾದರೂ ಹಾಕಬಹುದು, ಆದರೆ ಕೆಲಸ ಮಾಡುವ ಸಂಸ್ಥೆ ಯುರೋಪಿಯನ್ ಒಕ್ಕೂಟದಲ್ಲೋ ಅದರ ಜೊತೆಗಾರ ದೇಶದಲ್ಲೋ ಇರಬೇಕು. ಎನ್‌ಐಎಚ್‌ನ ಪಯೊನೀರ್‌ಗೆ ಅಮೆರಿಕದ ಸಂಸ್ಥೆಯೇ ಬೇಕು. ಪಾಸ್‌ಪೋರ್ಟ್‌ಗಿಂತ ಸಂಸ್ಥೆಯ ವಿಳಾಸ ಮುಖ್ಯ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ.

ಮನುಷ್ಯರನ್ನು ನಂಬಿ ಹಣ ಕೊಟ್ಟರೆ ನಿಜಕ್ಕೂ ಫಲ ಬರುತ್ತದೆಯೇ? 2011ರಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಒಂದು ಹೋಲಿಕೆ ಮಾಡಿದರು. ಒಂದು ಕಡೆ ಅಮೆರಿಕದ ಹೊವಾರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆ. ಅದು ಸರ್ಕಾರದ್ದಲ್ಲ, ಖಾಸಗಿ. ಆಗ ಅದು ವ್ಯಕ್ತಿಗೆ ಐದೈದು ವರ್ಷ ಹಣ ಕೊಡುತ್ತಿತ್ತು, ಮೊದಮೊದಲ ಸೋಲನ್ನು ಸಹಿಸುತ್ತಿತ್ತು. ಇನ್ನೊಂದು ಕಡೆ ಅಷ್ಟೇ ಯೋಗ್ಯತೆ ಇದ್ದು ಎನ್‌ಐಎಚ್‌ನ ಮಾಮೂಲಿ ಅನುದಾನ ಪಡೆದವರು. ಮೊದಲ ಗುಂಪಿನವರು ಬಹಳ ಹೆಸರಾದ ಪ್ರಬಂಧಗಳನ್ನು ಜಾಸ್ತಿ ಬರೆದರು. ಯಾರೂ ತಿರುಗಿ ನೋಡದ ಪ್ರಬಂಧಗಳನ್ನೂ ಜಾಸ್ತಿ ಬರೆದರು. ನನಗೆ ಈ ಎರಡನೇ ವಾಕ್ಯವೇ ಹೆಚ್ಚು ಇಷ್ಟ. ಸೋಲು ಜಾಸ್ತಿಯಾಗದೆ ಗೆಲುವು ಮಾತ್ರ ಜಾಸ್ತಿಯಾಗಿದ್ದರೆ ಅವರು ದಿಟ್ಟ ಕೆಲಸ ಮಾಡಿದ್ದರೆಂದು ನಾನು ನಂಬುತ್ತಿರಲಿಲ್ಲ.

ಒಬ್ಬರ ಮೇಜು

ಈಗ ನನಗೆ ಬಹಳ ಹಿಡಿಸುವ ಬಗೆ. ಇಲ್ಲಿ ಕಮಿಟಿ ಇಲ್ಲ, ಅಥವಾ ಇದ್ದರೂ ಸಲಹೆ ಕೊಡುತ್ತದೆ ಅಷ್ಟೇ. ಒಬ್ಬ ಅಧಿಕಾರಿ ಹೂಂ ಎಂದರೆ ಹಣ ಬಂತು. ಆದರೆ ಇದರಲ್ಲೇ ಎರಡು ಜಾತಿ ಇದೆ. ಹೊರಗಿನಿಂದ ಒಂದೇ ತರಹ ಕಾಣುವ ಈ ಎರಡನ್ನು ಬೆರೆಸಿಕೊಂಡರೆ ಕಷ್ಟ.

ಮೊದಲ ಜಾತಿಗೆ ಉದಾಹರಣೆ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್‌ನ ಈಗರ್ ಎಂಬ ಯೋಜನೆ. 3 ಲಕ್ಷ ಡಾಲರ್‌ವರೆಗೆ, ಎರಡು ವರ್ಷ. ಮೊದಲು ಒಂದೆರಡು ಪುಟದಲ್ಲಿ ವಿಚಾರ ಬರೆದು ಆ ವಿಷಯದ ಪ್ರೋಗ್ರಾಂ ಆಫೀಸರ್‌ಗೆ ಮೇಲ್ ಮಾಡಬೇಕು. ಅವರು ಕರೆದರೆ ಮಾತ್ರ ಪೂರ್ತಿ ಅರ್ಜಿ. ಹೊರಗಿನ ರಿವ್ಯೂ ಸಾಮಾನ್ಯವಾಗಿ ಇರುವುದಿಲ್ಲ. ಇದರ ಅಣ್ಣ ರೈಸ್ ಎಂಬುದು. 10 ಲಕ್ಷ ಡಾಲರ್‌ವರೆಗೆ, ಐದು ವರ್ಷದವರೆಗೆ. ಅದಕ್ಕೆ ಎರಡು ಬೇರೆ ಬೇರೆ ವಿಭಾಗಗಳ ಅಧಿಕಾರಿಗಳು ಒಪ್ಪಿ ಕೈಜೋಡಿಸಬೇಕು. ನಮ್ಮ ಶಿಲೀಂಧ್ರದ ಅರ್ಜಿಗೆ ಹೇಳಿ ಮಾಡಿಸಿದ ಅಚ್ಚು ಇದು. ಎರಡು ಕಮಿಟಿಗಳು ಬೇರೆ ಬೇರೆ ಕೂತು ಬೇಡ ಎನ್ನುವ ಬದಲು, ಇಬ್ಬರು ಅಧಿಕಾರಿಗಳು ಒಂದೇ ಮೇಜಿನಲ್ಲಿ ಕೂತು ಬೇಕು ಎನ್ನಬೇಕು.

ಹಾಗಾದರೆ ಎಲ್ಲರೂ ಇಲ್ಲೇ ಹಾಕಬಹುದಲ್ವಾ? ಹಾಕಬಹುದು, ಆದರೆ ಅಧಿಕಾರಿಗಳೇ ಹಿಂಜರಿಯುತ್ತಾರೆ. ಈಗರ್‌ಗೆ ಮೊದಲು ಇಂಥದ್ದೇ ಇನ್ನೊಂದು ಯೋಜನೆ ಇತ್ತು. ಅಧಿಕಾರಿಗಳು ತಮ್ಮ ಬಜೆಟ್‌ನಲ್ಲಿ ಶೇ. 5ರವರೆಗೆ ಅದಕ್ಕೆ ಖರ್ಚು ಮಾಡಲು ಅವಕಾಶ ಇತ್ತು. ನಿಜವಾಗಿ ಹೋಗಿದ್ದು ಶೇ. 1ಕ್ಕಿಂತಲೂ ಕಡಿಮೆ. ಕಮಿಟಿ ಆರಿಸಿದ ಯೋಜನೆ ಸೋತರೆ ಯಾರ ಹೆಸರೂ ಕೆಡುವುದಿಲ್ಲ. ತಾನೊಬ್ಬನೇ ಸಹಿ ಹಾಕಿದ್ದು ಸೋತರೆ ತನ್ನ ಹೆಸರೇ. ಹಾಗಾಗಿ ಇಲ್ಲಿ ಅರ್ಜಿಗಿಂತ ಮೊದಲಿನ ಫೋನ್ ಮಾತು ಮುಖ್ಯ. ಅಧಿಕಾರಿಯ ಭಯ ಏನು ಎಂದು ತಿಳಿದುಕೊಂಡು, ಆ ಭಯಕ್ಕೆ ಉತ್ತರವನ್ನು ಮೊದಲ ಪುಟದಲ್ಲೇ ಇಡಿ. "ಆರು ತಿಂಗಳಲ್ಲಿ ಇದು ಆಗುತ್ತದೋ ಇಲ್ಲವೋ ಗೊತ್ತಾಗಿಬಿಡುತ್ತದೆ, ಹೇಗೆಂದರೆ..." ಎಂದು ಬರೆದರೆ ಅವರಿಗೆ ಧೈರ್ಯ ಬರುತ್ತದೆ.

ಎರಡನೇ ಜಾತಿ ದಾರ್ಪಾ ಮಾದರಿ. ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ ಉಪಗ್ರಹ 1957ರಲ್ಲಿ ಹಾರಿದ ಮೇಲೆ, 1958ರಲ್ಲಿ ಅಮೆರಿಕ ತನ್ನ ರಕ್ಷಣಾ ಇಲಾಖೆಯಲ್ಲಿ ಈ ಸಂಸ್ಥೆ ಕಟ್ಟಿತು. ಹೊರಗಿನಿಂದ ಪ್ರೋಗ್ರಾಂ ಮ್ಯಾನೇಜರ್‌ಗಳನ್ನು ಮೂರರಿಂದ ಐದು ವರ್ಷಕ್ಕೆ ಕರೆತರುತ್ತಾರೆ. ಅವರೇ ಒಂದು ದೊಡ್ಡ ಗುರಿ ಇಡುತ್ತಾರೆ. ಅದಕ್ಕೆ ಬೇಕಾದವರನ್ನು ಬೇರೆ ಬೇರೆ ವಿಷಯಗಳಿಂದ ಎತ್ತಿಕೊಳ್ಳುತ್ತಾರೆ, ಆಗಾಗ ಬಂದು ನೋಡುತ್ತಾರೆ, ಆಗದೆಂದರೆ ನಡುವೆಯೇ ನಿಲ್ಲಿಸುತ್ತಾರೆ. ಈ ಮಾದರಿಯನ್ನು ಆಮೇಲೆ ಬಹಳ ಕಡೆ ನಕಲು ಮಾಡಿದರು. ಇಂಧನಕ್ಕೆ ಆರ್ಪಾ-ಇ, ಆರೋಗ್ಯಕ್ಕೆ 2022ರಲ್ಲಿ ಆರ್ಪಾ-ಎಚ್. ಜರ್ಮನಿ 2019ರಲ್ಲಿ ಲೈಪ್ಸಿಗ್ ನಗರದಲ್ಲಿ ಸ್ಪ್ರಿಂಡ್ ಕಟ್ಟಿತು. ಬ್ರಿಟನ್ ಆರಿಯಾ ಎಂಬ ಸಂಸ್ಥೆಗೆ 80 ಕೋಟಿ ಪೌಂಡ್ ತೆಗೆದಿಟ್ಟು, 2023ರ ಆರಂಭದಲ್ಲಿ ಕೆಲಸ ಶುರು ಮಾಡಿತು.

ಈಗರ್‌ನಲ್ಲೂ ದಾರ್ಪಾದಲ್ಲೂ ಒಬ್ಬರೇ ತೀರ್ಮಾನ ಮಾಡುತ್ತಾರೆ. ಆದರೆ ಈಗರ್‌ನಲ್ಲಿ ಪ್ರಶ್ನೆ ನಿಮ್ಮದು. ದಾರ್ಪಾದಲ್ಲಿ ಪ್ರಶ್ನೆ ಅವರದು, ಉತ್ತರ ಮಾತ್ರ ನಿಮ್ಮದು. ಶಿಲೀಂಧ್ರದ ಎಳೆ ಏನು ಮಾಡುತ್ತಿದೆ ಎಂಬ ಕುತೂಹಲ ಹಿಡಿದು ದಾರ್ಪಾ ತರಹದವರ ಹತ್ತಿರ ಹೋದರೆ, "ಸರಿ, ಹದಿನೆಂಟು ತಿಂಗಳಲ್ಲಿ ಬರವನ್ನು ಎಷ್ಟು ದಿನ ಮೊದಲು ಹೇಳುತ್ತೀರಿ?" ಎಂದು ಕೇಳುತ್ತಾರೆ. ಕೇಳಬೇಕಾದ್ದೇ. ಅದಕ್ಕೆ ಉತ್ತರ ಇಲ್ಲದಿದ್ದರೆ ಸುಮ್ನೆ ಅವರ ಸಮಯವೂ ಹಾಳು, ನಿಮ್ಮದೂ ಹಾಳು. ಇನ್ನೊಂದು ಕಷ್ಟ ಇದೆ. ವಿದ್ಯಾರ್ಥಿಗಳ ಪಿಎಚ್‌ಡಿ ಇಂಥ ಹಣದ ಮೇಲೆ ನಿಂತಿದ್ದರೆ, ನಡುವೆ ನಿಂತುಹೋದಾಗ ಬೀದಿಗೆ ಬೀಳುವುದು ಆ ವಿದ್ಯಾರ್ಥಿ.

ಅಲ್ಲಿ ಅರ್ಜಿ ಹಾಕದಿದ್ದರೂ ದಾರ್ಪಾದಿಂದ ಒಂದು ವಸ್ತುವನ್ನು ಎಲ್ಲರೂ ಎರವಲು ತರಬೇಕು. 1970ರ ದಶಕದಲ್ಲಿ ಅದರ ನಿರ್ದೇಶಕರಾಗಿದ್ದ ಜಾರ್ಜ್ ಹೈಲ್‌ಮೆಯರ್ ಪ್ರತಿ ಅರ್ಜಿಗೂ ಕೇಳುತ್ತಿದ್ದ ಪ್ರಶ್ನೆಗಳು ಅವು. ಏನು ಮಾಡಲು ಹೊರಟಿದ್ದೀರಿ, ಪರಿಭಾಷೆ ಬಳಸದೆ ಹೇಳಿ. ಈಗ ಅದನ್ನು ಹೇಗೆ ಮಾಡುತ್ತಾರೆ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ? ನಿಮ್ಮ ದಾರಿಯಲ್ಲಿ ಹೊಸತೇನು? ಅದು ಗೆದ್ದರೆ ಯಾರಿಗೇನು ಲಾಭ? ಅಪಾಯ ಏನು? ಎಷ್ಟು ಖರ್ಚು, ಎಷ್ಟು ದಿನ? ನಡುವೆ ಮತ್ತು ಕೊನೆಯಲ್ಲಿ ಗೆದ್ದೆವೋ ಸೋತೆವೋ ಎಂದು ಯಾವ ಪರೀಕ್ಷೆಯಿಂದ ಗೊತ್ತಾಗುತ್ತದೆ? ಮೊದಲ ಪ್ರಶ್ನೆಗೆ ಉತ್ತರ ಬರೆಯಲು ನಮ್ಮ ಮೂವರಿಗೆ ಎರಡು ವಾರ ಹಿಡಿಯಿತು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವೇ ಆಗಿರಲಿಲ್ಲ ಎಂಬುದು ಆಗ ಗೊತ್ತಾಯಿತು.

ತಂಡಕ್ಕೆ ಕೊಡುವ ಹಣ

ಮಿಶ್ರ ಕಮಿಟಿ ಇಟ್ಟು, ತಂಡವೇ ಬೇಕು ಎಂದು ಕೇಳುವ ಯೋಜನೆಗಳು ಇನ್ನೊಂದು ಬಗೆ. ಇದರಲ್ಲಿ ದೊಡ್ಡದು ಇಆರ್‌ಸಿಯ ಸಿನರ್ಜಿ ಗ್ರಾಂಟ್. ಇಬ್ಬರಿಂದ ನಾಲ್ವರು ಮುಖ್ಯ ಸಂಶೋಧಕರು, ಆರು ವರ್ಷ, 1 ಕೋಟಿ ಯೂರೋವರೆಗೆ. 2012 ಮತ್ತು 2013ರಲ್ಲಿ ಎರಡು ಸಲ ಕರೆದು, ನಿಲ್ಲಿಸಿ, 2018ರಲ್ಲಿ ಮತ್ತೆ ಶುರು ಮಾಡಿದರು. ಆಮೇಲಿನ ನಿಯಮದಲ್ಲಿ ತಂಡದ ಒಬ್ಬರು ಯುರೋಪಿನ ಹೊರಗಿನ ಸಂಸ್ಥೆಯಲ್ಲೂ ಇರಬಹುದು. ಕೊನೆಯ ಹಂತದ ಸಂದರ್ಶನಕ್ಕೆ ಮುಖ್ಯ ಸಂಶೋಧಕರೆಲ್ಲ ಒಟ್ಟಿಗೆ ಹೋಗುತ್ತಾರೆ. ಹಣಕ್ಕಾಗಿ ಕಟ್ಟಿದ ತಂಡದ ಬಣ್ಣ ಅಲ್ಲಿ ಬಯಲಾಗುತ್ತದೆ. ಒಬ್ಬರಿಗೆ ಕೇಳಿದ ಪ್ರಶ್ನೆಗೆ ಇನ್ನೊಬ್ಬರು ಉತ್ತರಿಸಬಲ್ಲರೇ? ನಾಲ್ಕು ಜನ ಇಲ್ಲದೆ ಈ ಕೆಲಸ ಆಗುವುದೇ ಇಲ್ಲವೇ? ಮೂವರಲ್ಲಿ ಆಗುವುದಾದರೆ ನಾಲ್ಕನೆಯವರು ಯಾಕೆ?

ಇದಕ್ಕಿಂತ ಚಿಕ್ಕದು, ನನ್ನ ಲೆಕ್ಕದಲ್ಲಿ ಇದಕ್ಕಿಂತ ಚೊಕ್ಕದು, ಹ್ಯೂಮನ್ ಫ್ರಾಂಟಿಯರ್ ಸೈನ್ಸ್ ಪ್ರೋಗ್ರಾಂ. 1989ರಿಂದ ಫ್ರಾನ್ಸಿನ ಸ್ಟ್ರಾಸ್‌ಬೋರ್ಗ್‌ನಿಂದ ನಡೆಯುತ್ತಿದೆ. ಹಲವು ದೇಶಗಳ ಸರ್ಕಾರಗಳು ಸೇರಿ ಹಣ ಹಾಕುತ್ತವೆ, ಭಾರತವೂ ಸದಸ್ಯ ದೇಶ. ಮೂರು ವರ್ಷದ ಹಣ. ತಂಡದವರ ಲ್ಯಾಬ್‌ಗಳು ಬೇರೆ ಬೇರೆ ದೇಶಗಳಲ್ಲಿರಬೇಕು, ಬೇರೆ ಖಂಡಗಳಲ್ಲಿದ್ದರೆ ಇನ್ನೂ ಒಳ್ಳೆಯದು. ಹಳೆಯ ಗೆಳೆಯರ ಗುಂಪು ಬೇಡ, ಹೊಸ ಜೋಡಿ ಬೇಕು. ಮೊದಲು ಒಂದು ಚಿಕ್ಕ ಪತ್ರ, ಅದು ಹಿಡಿಸಿದರೆ ಪೂರ್ತಿ ಅರ್ಜಿ. ಮೊದಲೇ ಮಾಡಿದ ಪ್ರಯೋಗದ ಫಲಿತಾಂಶ ಕೇಳುವುದಿಲ್ಲ. ಆದರೆ ಜೀವಿಗಳ ಮೂಲಭೂತ ಪ್ರಶ್ನೆಯೇ ಆಗಿರಬೇಕು, ಬಳಕೆಯ ವಿಷಯ ಅವರಿಗೆ ಬೇಡ. ನಮ್ಮ ಅರ್ಜಿಯಲ್ಲಿ "ಮಣ್ಣಿನ ಒಣಗುವಿಕೆಯನ್ನು ಮೊದಲೇ ತಿಳಿಯುವುದು" ಎಂದು ಬರೆದರೆ ಅಲ್ಲಿ ಜಾಗ ಇಲ್ಲ. "ನರಗಳಿಲ್ಲದ ಜೀವಿ ವಿದ್ಯುತ್ತಿನಿಂದ ಸುದ್ದಿ ಕಳಿಸುತ್ತದೆಯೇ" ಎಂದರೆ ಜಾಗ ಇದೆ. ಇದು ಪದ ಬದಲಿಸುವ ಜಾಣತನ ಅಂದುಕೊಳ್ಳಬೇಡಿ. ಎರಡನೇ ಪ್ರಶ್ನೆಗೆ ಮಾಡಬೇಕಾದ ಪ್ರಯೋಗಗಳೇ ಬೇರೆ.

ಕೆನಡಾ 2018ರಲ್ಲಿ ತನ್ನ ಮೂರು ಸಂಶೋಧನಾ ಮಂಡಳಿಗಳ ನಡುವೆ ನ್ಯೂ ಫ್ರಾಂಟಿಯರ್ಸ್ ಇನ್ ರಿಸರ್ಚ್ ಫಂಡ್ ಎಂಬುದನ್ನು ತಂದಿತು. ಅದರ ಎಕ್ಸ್‌ಪ್ಲೊರೇಶನ್ ಕವಲು ಎರಡು ವರ್ಷಕ್ಕೆ ಒಟ್ಟು 2.5 ಲಕ್ಷ ಕೆನಡಾ ಡಾಲರ್‌ವರೆಗೆ ಕೊಡುತ್ತಿತ್ತು. ಎರಡು ವಿಷಯಗಳಾದರೂ ಬೆರೆತಿರಲೇಬೇಕು, ಅಪಾಯವೂ ಇರಲೇಬೇಕು. ಬೇರೆ ಕಡೆ ಅಪಾಯವನ್ನು ಮುಚ್ಚಿಡುವವರು ಇಲ್ಲಿ ಬಿಚ್ಚಿ ತೋರಿಸಬೇಕು. ವರ್ಷಗಟ್ಟಲೆ ಅಭ್ಯಾಸವಾದ ಕೈಗೆ ಇದು ಸುಲಭವಲ್ಲ.

ತಂಡದ ಹಣದಲ್ಲಿ ಯಾರೂ ಹೇಳದ ಖರ್ಚು ಒಂದಿದೆ: ಸಭೆಗಳು. ನಾಲ್ಕು ಸಂಸ್ಥೆ ಎಂದರೆ ನಾಲ್ಕು ಲೆಕ್ಕಪತ್ರ ವಿಭಾಗ, ನಾಲ್ಕು ಖರೀದಿ ನಿಯಮ, ನಾಲ್ಕು ಒಪ್ಪಂದ. ಮೊದಲ ಆರು ತಿಂಗಳು ಇದರಲ್ಲೇ ಹೋಗುತ್ತದೆ. ಇದಕ್ಕೆಂದೇ ಒಬ್ಬರನ್ನು ನೇಮಿಸಲು ಬಜೆಟ್‌ನಲ್ಲಿ ಅವಕಾಶ ಇಲ್ಲದಿದ್ದರೆ ಆ ಕೆಲಸ ತಂಡದಲ್ಲಿ ಅತಿ ಕಿರಿಯರ ತಲೆಗೆ ಬೀಳುತ್ತದೆ.

ಕೋಣೆ, ಚೀಟಿ, ಬಹುಮಾನ

ಉಳಿದ ಮೂರನ್ನು ಬೇಗ ಮುಗಿಸುತ್ತೇನೆ.

ಸ್ಯಾಂಡ್‌ಪಿಟ್ ಎಂಬುದು ಬ್ರಿಟನ್ನಿನ ಎಂಜಿನಿಯರಿಂಗ್ ಮತ್ತು ಭೌತವಿಜ್ಞಾನ ಸಂಶೋಧನಾ ಮಂಡಳಿ ಬೆಳೆಸಿದ ಪದ್ಧತಿ. ಬೇರೆ ಬೇರೆ ವಿಷಯದ 20ರಿಂದ 30 ಜನರನ್ನು ಐದು ದಿನ ಒಂದೇ ಕಡೆ ಇಡುತ್ತಾರೆ. ಅಲ್ಲೇ ಪರಿಚಯ, ಅಲ್ಲೇ ಜಗಳ, ಅಲ್ಲೇ ಯೋಜನೆ, ಕೊನೆಗೆ ಯಾವುದಕ್ಕೆ ಹಣ ಎಂಬುದೂ ಬಹುಪಾಲು ಅಲ್ಲೇ ತೀರ್ಮಾನ. ಜೊತೆಗಾರರು ಇನ್ನೂ ಸಿಗದವರಿಗೆ ಒಳ್ಳೆಯ ಜಾಗ. ಗಟ್ಟಿಯಾಗಿ ಮಾತಾಡುವವರಿಗೆ ಇಲ್ಲಿ ಅನುಕೂಲ, ಮೌನಿಗಳಿಗೆ ಕಷ್ಟ. ಮನೆಯಲ್ಲಿ ಚಿಕ್ಕ ಮಕ್ಕಳಿರುವವರಿಗೆ ಐದು ದಿನ ಸಿಗುವುದೂ ಕಷ್ಟ.

ಚೀಟಿ ಎತ್ತುವುದು ತಮಾಷೆಯಲ್ಲ. ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿ 2013ರಿಂದ ಎಕ್ಸ್‌ಪ್ಲೋರರ್ ಗ್ರಾಂಟ್‌ಗಳನ್ನು ಹೀಗೇ ಹಂಚಿತು. ಕಮಿಟಿ ನೋಡುವುದು ಎರಡೇ: ಗೆದ್ದರೆ ದೊಡ್ಡ ಬದಲಾವಣೆ ತರಬಲ್ಲದೇ, ಮಾಡಲು ಸಾಧ್ಯವೇ? ಯಾರದೆಂದು ಹೆಸರು ಕಾಣಿಸುವುದಿಲ್ಲ. ಪಾಸಾದವೆಲ್ಲ ಡಬ್ಬಿಗೆ. ಮೇಲೆ ಬಂದವಕ್ಕೆ 1.5 ಲಕ್ಷ ನ್ಯೂಜಿಲೆಂಡ್ ಡಾಲರ್. ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವೂ ಅಂಕಗಳು ಸಮ ಬಂದಾಗ ಚೀಟಿ ಎತ್ತುವುದನ್ನು 2021ರಲ್ಲಿ ನಿಯಮವಾಗಿಸಿತು. ಅರ್ಜಿ ಚಿಕ್ಕದಾಗಿದ್ದರೆ ಚೀಟಿ ಯೋಜನೆಗೆ ಹಾಕುವುದರಲ್ಲಿ ನಷ್ಟವೇ ಇಲ್ಲ. ಸೋತರೂ ನಿಮ್ಮ ವಿಚಾರ ಸೋತಿಲ್ಲ, ಚೀಟಿ ಸೋತಿದೆ. ಎದೆಗುಂದದೆ ಮರುವರ್ಷ ಹಾಕಬಹುದು.

ಬಹುಮಾನದ ದಾರಿ ಹಳೆಯದು. ಸಮುದ್ರದಲ್ಲಿ ಹಡಗಿನ ರೇಖಾಂಶ ಕಂಡುಹಿಡಿದವರಿಗೆ 20,000 ಪೌಂಡ್‌ವರೆಗೆ ಕೊಡುತ್ತೇವೆ ಎಂದು ಬ್ರಿಟಿಷ್ ಸಂಸತ್ತು 1714ರಲ್ಲಿ ಕಾನೂನು ಮಾಡಿತು. ಆಕಾಶ ನೋಡಿ ಉತ್ತರ ಸಿಗುತ್ತದೆ ಎಂದು ಖಗೋಳಶಾಸ್ತ್ರಜ್ಞರು ನಂಬಿದ್ದರು. ಉತ್ತರ ತಂದವನು ಬಡಗಿಯ ಮಗ, ಗಡಿಯಾರ ಮಾಡುವ ಜಾನ್ ಹ್ಯಾರಿಸನ್. ತೀರ್ಪು ಕೊಡುವ ಮಂಡಳಿಯಲ್ಲಿ ಖಗೋಳದವರೂ ಇದ್ದರು. ಹ್ಯಾರಿಸನ್ ಮುದುಕನಾಗುವವರೆಗೆ ಅಲೆದ. 1773ರಲ್ಲಿ ಸಂಸತ್ತೇ ನಡುವೆ ಬಂದು 8,750 ಪೌಂಡ್ ಕೊಡಿಸಿತು. ಬೇರೆ ವಿಷಯದವರ ಕಮಿಟಿಯ ಕಥೆ ಎಷ್ಟು ಹಳೆಯದು ನೋಡಿ. ಈ ಕಾಲದ ಉದಾಹರಣೆ ದಾರ್ಪಾದ ಚಾಲಕರಿಲ್ಲದ ಕಾರಿನ ಸ್ಪರ್ಧೆ. 2004ರಲ್ಲಿ ಮರುಭೂಮಿಯಲ್ಲಿ ಎಲ್ಲಕ್ಕಿಂತ ದೂರ ಹೋದ ಗಾಡಿಯೂ ಏಳು ಮೈಲಿ ದಾಟಿ ನಿಂತಿತು. ಮರುವರ್ಷ ಐದು ಗಾಡಿಗಳು ಪೂರ್ತಿ ಓಡಿದವು, ಸ್ಟ್ಯಾನ್‌ಫರ್ಡ್ ತಂಡ 20 ಲಕ್ಷ ಡಾಲರ್ ಗೆದ್ದಿತು. ಬಹುಮಾನದಲ್ಲಿ ಯಾರ ಒಪ್ಪಿಗೆಯೂ ಬೇಡ, ಫಲಿತಾಂಶ ಮಾತಾಡುತ್ತದೆ. ಆದರೆ ಹಣ ಬರುವುದು ಕೆಲಸ ಮುಗಿದ ಮೇಲೆ. ಅಲ್ಲಿಯವರೆಗೆ ಸಂಬಳ ಕೊಡುವವರು ಬೇರೆ ಇರಬೇಕು.

ಪ್ರಕಟಣೆಯಲ್ಲಿ ಎಲ್ಲಿ ನೋಡಬೇಕು

ಯಾವ ಯೋಜನೆಯೇ ಆಗಲಿ, ಮುಖಪುಟದಲ್ಲಿ "ದಿಟ್ಟ", "ಗಡಿ ಮೀರಿದ" ಎಂದೇ ಇರುತ್ತದೆ. ಆ ಪದಗಳಿಗೆ ಬೆಲೆ ಕೊಡಬೇಡಿ. ರಿವ್ಯೂ ಮಾಡುವವರಿಗೆ ಕೊಡುವ ಅಂಕದ ಪಟ್ಟಿ ಹುಡುಕಿ, ಹೆಚ್ಚಿನ ಸಂಸ್ಥೆಗಳು ಅದನ್ನು ಪ್ರಕಟಿಸುತ್ತವೆ. "ಕಾರ್ಯಸಾಧ್ಯತೆ"ಗೆ ಎಷ್ಟು ಅಂಕ, ಹೊಸತನಕ್ಕೆ ಎಷ್ಟು ಅಂಕ ಎಂದು ನೋಡಿದರೆ ಅವರ ನಿಜವಾದ ಮನಸ್ಸು ಗೊತ್ತಾಗುತ್ತದೆ. ಅರ್ಜಿಯಲ್ಲಿ ಗ್ಯಾಂಟ್ ಚಾರ್ಟ್, ಅಂದರೆ ಯಾವ ತಿಂಗಳು ಯಾವ ಕೆಲಸ ಎಂದು ತೋರಿಸುವ ಪಟ್ಟಿ, ಕಡ್ಡಾಯವಾಗಿದ್ದರೆ ಅದು ದಿಟ್ಟ ಕೆಲಸದ ಹಣ ಅಲ್ಲ, ಹೆಸರು ಏನೇ ಇರಲಿ. ಹಿಂದಿನ ವರ್ಷಗಳಲ್ಲಿ ಯಾರಿಗೆ ಸಿಕ್ಕಿದೆ ಎಂಬ ಪಟ್ಟಿ ನೋಡಿ. ಎಲ್ಲರೂ ಐದಾರು ದೊಡ್ಡ ಸಂಸ್ಥೆಯವರೇ ಆಗಿದ್ದರೆ ಅಲ್ಲಿ ನಂಬುವುದು ಹೆಸರನ್ನು.

ಇನ್ನೆರಡು ಸಾಲು ಸಣ್ಣ ಅಕ್ಷರದಲ್ಲಿರುತ್ತವೆ. ಒಂದು, ಬಜೆಟ್‌ನಲ್ಲಿ ಉಪಕರಣಕ್ಕೆ ಇಟ್ಟ ಹಣವನ್ನು ಸಂಬಳಕ್ಕೆ ತಿರುಗಿಸಲು ಯಾರ ಅನುಮತಿ ಬೇಕು? ದಿಟ್ಟ ಕೆಲಸದಲ್ಲಿ ಎರಡನೇ ವರ್ಷದ ಯೋಜನೆ ಮೊದಲ ವರ್ಷದ ಯೋಜನೆಯಂತೆ ಇರುವುದಿಲ್ಲ. ಪ್ರತಿ ತಿರುವಿಗೂ ಮೂರು ತಿಂಗಳು ಕಾಗದ ಓಡಾಡಿದರೆ ಹಣ ಇದ್ದೂ ಇಲ್ಲದ ಹಾಗೆ. ಎರಡು, ಕೊನೆಯ ವರದಿಯಲ್ಲಿ ಏನು ಕೇಳುತ್ತಾರೆ? ಪ್ರಬಂಧಗಳ ಸಂಖ್ಯೆ ಮಾತ್ರ ಕೇಳಿದರೆ ಸೋಲಿಗೆ ಬರೆಯಲು ಜಾಗವೇ ಇಲ್ಲ. "ಏನು ತಪ್ಪಾಯಿತು, ಅದರಿಂದ ಏನು ತಿಳಿಯಿತು" ಎಂಬ ಕಾಲಂ ಇದ್ದರೆ ಅಲ್ಲಿ ಹಾಕಿ.

ಇನ್ನು ನನ್ನ ಆಯ್ಕೆ. ಕೈಯಲ್ಲಿ ಏನೂ ಇಲ್ಲದ, ಬರೀ ಅನುಮಾನದ ಹಂತದಲ್ಲಿರುವ ವಿಚಾರಕ್ಕೆ ನಾನು ಮೊದಲು ಹುಡುಕುವುದು ಒಬ್ಬರ ಮೇಜನ್ನು, ಇಲ್ಲವೇ ಚೀಟಿಯ ಡಬ್ಬಿಯನ್ನು. ಹಣ ಕಡಿಮೆ, ಕಾಯುವುದು ಕಡಿಮೆ, ಸೋತರೆ ಮುಜುಗರವೂ ಕಡಿಮೆ. ಅದರಲ್ಲಿ ಏನಾದರೂ ಕಂಡರೆ ಆಮೇಲೆ ತಂಡದ ಹಣ. ಈಗಷ್ಟೇ ಕೆಲಸಕ್ಕೆ ಸೇರಿದವರಾದರೆ, ವರ್ಷಗಳ ಮಿತಿ ಮುಗಿಯುವ ಮೊದಲು ಹೊಸಬರ ಪ್ರಶಸ್ತಿಗೆ ಹಾಕಿ. ಉಳಿದದ್ದೆಲ್ಲ ಕಾಯುತ್ತದೆ, ಆ ಗಡುವು ಕಾಯುವುದಿಲ್ಲ. ದಾರ್ಪಾ ತರಹದ ದುಡ್ಡಿಗೆ ಹೋಗುವುದು ನಿಮ್ಮ ಪ್ರಶ್ನೆಗೂ ಅವರ ಗುರಿಗೂ ಮೊದಲೇ ತಾಳೆಯಾದಾಗ ಮಾತ್ರ.

ನಮ್ಮ ಮೂವರ ಅರ್ಜಿ ಕೊನೆಗೆ ಒಬ್ಬ ಅಧಿಕಾರಿಯ ಮೇಜಿಗೆ ಹೋಯಿತು. ಒಂದೂವರೆ ಪುಟ. ಅವರು ಫೋನ್‌ನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಆ ಏರಿಳಿತ ಶಿಲೀಂಧ್ರದ್ದೇ, ನಿಮ್ಮ ತಂತಿಯ ಗದ್ದಲ ಅಲ್ಲ ಎಂದು ಹೇಗೆ ಗೊತ್ತು?" ಎರಡು ಕಮಿಟಿಗಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ನಮಗೆ ಗೊತ್ತಿಲ್ಲ ಎಂದೆವು. ಅದನ್ನು ಮಾತ್ರ ಕಂಡುಹಿಡಿಯಲು ಒಂದು ವರ್ಷದ ಸಣ್ಣ ಹಣ ಬಂತು. ಸತ್ತ ಎಳೆಗಳನ್ನು ಒಂದು ಡಬ್ಬಿಯಲ್ಲಿ, ಬದುಕಿರುವ ಎಳೆಗಳನ್ನು ಇನ್ನೊಂದು ಡಬ್ಬಿಯಲ್ಲಿ ಇಟ್ಟು ಅಳೆದೆವು. ಮುಕ್ಕಾಲು ಪಾಲು ತಂತಿಯದೇ ಗದ್ದಲವಾಗಿತ್ತು. ಉಳಿದ ಕಾಲು ಪಾಲಿಗೆ ಈಗ ಮುಂದಿನ ಅರ್ಜಿ ಬರೆಯುತ್ತಿದ್ದೇವೆ.